ಕಂದು ಕಾಡಿಗೆ

ಮಸಿಯ ಬಗ್ಗೆ ಯೋಚಿಸುವುದಕ್ಕೆ ಸಂಬಳ ತೆಗೆದುಕೊಳ್ಳುವ ಹೆಂಗಸು ನಾನು. ನನ್ನ ಅಡುಗೆಮನೆಯಲ್ಲಿ ಮಾತ್ರ ಹುಡುಕಿದರೂ ಚಿಟಿಕೆ ಮಸಿ ಸಿಗುವುದಿಲ್ಲ. ಕರೆಂಟಿನ ಒಲೆ, ಒಂದು ಪಾತ್ರೆ, ಒಂದು ತಟ್ಟೆ. ಉಪ್ಪಲ್‌ನ ಈ ಫ್ಲಾಟಿಗೆ ಯಾರೂ ಬರುವುದಿಲ್ಲವಾದ್ದರಿಂದ ಎರಡನೆಯ ತಟ್ಟೆ ಕಪಾಟಿನಲ್ಲೇ ಹೊಳೆಯುತ್ತ ಕೂತಿತ್ತು. ಪಕ್ಕದ ಮನೆಯಾಕೆ ಒಮ್ಮೆ ನನ್ನ ಕೆಲಸ ಏನೆಂದು ವಿಚಾರಿಸಿದರು. ಮಸಿ ಅಂದ ಕೂಡಲೇ ಒಳಗೆ ಓಡಿ ತಳ ಕರಿಹಿಡಿದ ಬೋಗುಣಿ ತಂದು, ಇದನ್ನು ತೆಗೆಯುವುದು ಹೇಗೆ ಎಂದರು. ನನಗೆ ಗೊತ್ತಿರಲಿಲ್ಲ. ಆಮೇಲೆ ಅವರು ನನ್ನನ್ನು ಏನೂ ಕೇಳಿಲ್ಲ.

ನನಗೆ ಗೊತ್ತಿರುವುದು ಬೇರೆ. ಮಸಿ ಎಂದರೆ ಕಪ್ಪು ಎಂದು ನೀವು ನಂಬಿರುತ್ತೀರಿ. ಆದರೆ ಜ್ವಾಲೆಯ ಬುಡದಲ್ಲಿ ಈಗಷ್ಟೇ ಹುಟ್ಟಿದ ಮಸಿ ಕಪ್ಪಲ್ಲ, ಕಂದು. ಆ ಕಣಗಳನ್ನು ಸಾವಿರಾರು ಸಾಲಾಗಿ ನಿಲ್ಲಿಸಿದರೂ ಒಂದು ಕೂದಲಿನ ದಪ್ಪ ಆಗಲಿಕ್ಕಿಲ್ಲ. ಅಷ್ಟು ಚಿಕ್ಕದು ನೀಲಿ ಬೆಳಕನ್ನು ನುಂಗಿ, ಕೆಂಪನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟುಬಿಡುತ್ತದೆ. ಜ್ವಾಲೆಯಲ್ಲಿ ಮೇಲೇರುತ್ತ, ಬಿಸಿ ಉಣ್ಣುತ್ತ ದೊಡ್ಡದಾದ ಮೇಲೆ ಕೆಂಪನ್ನೂ ಬಿಡುವುದಿಲ್ಲ. ಆಗ ನಾವದನ್ನು ಕಪ್ಪು ಅನ್ನುತ್ತೇವೆ. ಇನ್ನೊಂದು ವಿಚಿತ್ರವಿದೆ. ಒಂಟಿ ಚಿಕ್ಕ ಕಣ ಬೆಳಕನ್ನು ನುಂಗುತ್ತದೆಯೇ ಹೊರತು ಆಚೆ ಈಚೆ ಚೆಲ್ಲುವುದಿಲ್ಲ. ಪಕ್ಕದಿಂದ ನೋಡುವವರಿಗೆ ಅದು ಇದ್ದೂ ಇಲ್ಲ. ಹತ್ತಾರು ಕಣ ಸರವಾಗಿ ಅಂಟಿಕೊಂಡಾಗಲೇ ನಾಲ್ಕು ಕಡೆಗೆ ಬೆಳಕು ಚೆಲ್ಲಿ ಕಣ್ಣಿಗೆ ಬೀಳುತ್ತವೆ. ಈ ಮಾತನ್ನು ನಮ್ಮ ಪ್ರಯೋಗಾಲಯದ ವರದಿಗಳಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಭಾನುವಾರ ಮಧ್ಯಾಹ್ನ ಒಬ್ಬಳೇ ಉಣ್ಣುವಾಗ ನೆನಪಾದರೆ ಮಾತ್ರ ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ನನ್ನ ತಮ್ಮನದು ಇದೇ ಊರಿನ ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ, ಅದರ ಮೇಲೆಯೇ ಮನೆ. ಅವ್ವ ಹೋದ ಮೇಲೆ ನಮ್ಮಿಬ್ಬರ ನಡುವೆ ಜಗಳವೇನೂ ಆಗಲಿಲ್ಲ. ಮಾತು ಸವೆಯಿತು, ಅಷ್ಟೇ. ಹೀಗಿರುವಾಗ ಅವನ ಫೋನು ಬಂತು.

“ಅಕ್ಕಾ, ನಾಡದು ಕೂಸಿನ ಹೆಸರಿಡೂದು ಐತಿ. ಕಾಡಿಗಿ ನೀನ ಮಾಡ್ಕೊಂಡ ಬರಬೇಕ ನೋಡು. ಅಂಗಡ್ಯಾಗಿಂದು ನಡ್ಯಂಗಿಲ್ಲ.”

ನಾವು ವಿಜಯಪುರದ ಕಡೆಯವರು. ನಮ್ಮ ಮನೆತನದಲ್ಲಿ ಕೂಸಿನ ಮೊದಲ ಕಾಡಿಗೆ ಸೋದರತ್ತೆಯದೇ ಆಗಬೇಕು. ಈಗ ಡಾಕ್ಟರು ಕಣ್ಣಿಗೆ ಬೇಡ ಅಂದಿದ್ದಾರೆ, ಗಲ್ಲಕ್ಕೊಂದು ಬೊಟ್ಟು ಸಾಕು. ನನಗೆ ಆದ ಖುಷಿ ಹೇಳತೀರದು. ಇದೊಂದು ಚೆನ್ನಾಗಿ ಆದರೆ ಮುಂದೆ ಹಬ್ಬಕ್ಕೂ ಕರೆದಾರು ಎಂಬ ಆಸೆ.

ಅವ್ವ ಔಡಲೆಣ್ಣೆಯ ದೀಪ ಹಚ್ಚಿ, ಎರಡು ಬಟ್ಟಲುಗಳ ಮೇಲೆ ತಾಟು ಕವುಚಿ ಇಡುತ್ತಿದ್ದಳು. ಓಣಿಯ ಹೆಂಗಸರು ಸುತ್ತ ಕೂತು ಊರ ಸುದ್ದಿಯೆಲ್ಲ ಮುಗಿಸುವುದರೊಳಗೆ ಮಸಿ ಕಟ್ಟಿರುತ್ತಿತ್ತು. ನಾನು ಅಂದು ರಾತ್ರಿಯೇ ಕಪಾಟಿನಿಂದ ಎರಡನೆಯ ತಟ್ಟೆ ತೆಗೆದೆ, ದೀಪ ಹಚ್ಚಿದೆ, ಕೂತೆ. ಮಾತಿಲ್ಲದೆ ದೀಪ ನೋಡುತ್ತ ಎಷ್ಟು ಹೊತ್ತು ಕೂರುವುದು? ಬೇಸರ ಬಂದು ತಟ್ಟೆಯನ್ನು ಬತ್ತಿಗೆ ತಾಗುವಷ್ಟು ಕೆಳಗೆ ಇಳಿಸಿದೆ. ಬೆಳೆಯುವ ಮೊದಲೇ ಕಣಗಳು ತಟ್ಟೆಗೆ ಅಂಟಿಕೊಂಡವು. ಕೆರೆದು ತುಪ್ಪದಲ್ಲಿ ಕಲಸಿದರೆ ಅಚ್ಚ ಕಂದು! ಯಾಕೆ ಹಾಗಾಯಿತೆಂದು ಜಗತ್ತಿಗೆಲ್ಲ ವಿವರಿಸಬಲ್ಲವಳು ತಲೆ ಮೇಲೆ ಕೈಹೊತ್ತು ಕೂತೆ.

ಮರುದಿನ ಸಂಜೆ ಡಬ್ಬಿಯನ್ನು ಪರ್ಸಿನಲ್ಲಿಟ್ಟುಕೊಂಡು ಮೆಟ್ರೊ ಹತ್ತಿದೆ. ಪ್ರತಿ ಸ್ಟೇಷನ್ನಿನಲ್ಲೂ ಇಳಿದು ವಾಪಸು ಹೋಗೋಣವೇ ಅನ್ನಿಸಿತು. ತಮ್ಮನ ಹೆಂಡತಿ ಡಬ್ಬಿ ತೆರೆದು ನೋಡಿ ನಕ್ಕಳು.

“ಅಕ್ಕಾರ, ಇದೇನ್ರಿ? ಚಾಪುಡಿ ತುಪ್ಪದಾಗ ಕಲಿಸಿದಂಗ ಐತಲ್ರಿ!”

“ಒಬ್ಬಾಕಿನ ಕುಂತು ಬ್ಯಾಸರಾತವಾ. ಅವಸರ ಮಾಡಿಬಿಟ್ಟೆ,” ಎಂದೆ. ಆ ಮಾತು ಮಸಿಯ ಬಗ್ಗೆ ಮಾತ್ರ ಆಡಿದ್ದಲ್ಲವೆಂದು ನನಗೇ ಆಮೇಲೆ ತಿಳಿಯಿತು.

ಅವಳ ನಗು ನಿಂತಿತು. “ಇದು ಒಬ್ಬರ ಕುಂತು ಮಾಡೂ ಕೆಲಸಲ್ರಿ. ಹೆಸರಿಡೂದು ನಾಳೆ ಐತಿ. ಇಲ್ಲೇ ದೀಪ ಹಚ್ಚೂಣ್ರಿ, ಆಗೂತನಕ ಇರ್ರಿ.”

ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ತಮ್ಮ ಅಂಗಡಿ ಮುಚ್ಚಿ ಬಂದು ಗೋಡೆಗೆ ಒರಗಿದ. ಅವ್ವನ ಮಾತು ಬಂತು, ಓಣಿಯ ಮಾತು ಬಂತು. ಈ ಸಲ ತಾಟನ್ನು ತಕ್ಕ ಎತ್ತರದಲ್ಲಿಟ್ಟಿದ್ದೆ. ಮಸಿ ನಿಧಾನಕ್ಕೆ ಕಪ್ಪಾಗಿಯೇ ಕಟ್ಟುತ್ತಿತ್ತು. ಬತ್ತಿಯನ್ನು ಒಂದಿಷ್ಟು ದಪ್ಪ ಹೊಸೆದರೆ ಎಲ್ಲ ಬೇಗ ಮುಗಿಯುತ್ತದೆ. ಉಪ್ಪಲ್‌ನಲ್ಲಿ ಹೊಳೆಯದ ಈ ಉಪಾಯ ಇಲ್ಲಿ ಕೂತ ಕೂಡಲೇ ಹೊಳೆದಿತ್ತು.

“ಇನ್ನೂ ಭಾಳ ಹೊತ್ತು ಹಿಡೀತೈತೇನ್ರಿ ಅಕ್ಕಾರ?”

“ಹಿಡೀತೈತವಾ,” ಎಂದೆ, “ಭಾಳ ಹೊತ್ತ ಹಿಡೀತೈತಿ.”