ಅವಳ ಟ್ಯೂಬು, ನನ್ನ ಟ್ಯೂಬು

ರಕ್ತ ತೆಗೆಯುವುದರಲ್ಲಿ ನನಗೆ ಕೊಂಚ ಜಂಬವಿದೆ, ಇರಲಿ ಬಿಡಿ. ಪಾಂಡವಪುರದ ಸಣ್ಣ ಲ್ಯಾಬಿನಲ್ಲಿ ಹದಿನೆಂಟು ವರ್ಷ ಸೂಜಿ ಹಿಡಿದವಳು ನಾನು. ಕಬ್ಬು ಕಡಿದು ಜಡ್ಡುಗಟ್ಟಿದ ಕೈಯಲ್ಲೂ ನರ ಒಂದೇ ಸಲಕ್ಕೆ ಸಿಗುತ್ತದೆ. ನಮ್ಮ ಕಸುಬಿನಲ್ಲಿ ಒಂದು ಮಾತಿದೆ: ರಕ್ತದ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದಾಗ ಮೇಲೆ ನಿಲ್ಲುವ ತಿಳಿ ಒಣಹುಲ್ಲಿನ ಬಣ್ಣಕ್ಕಿರಬೇಕು. ಕೆಂಪಾದರೆ ರಕ್ತಕಣಗಳು ಒಡೆದಿವೆ, ತೆಗೆದವರ ಕೈ ಒರಟು ಎಂದರ್ಥ. ಟ್ಯೂಬು ಎಸೆದು ಇನ್ನೊಮ್ಮೆ ಚುಚ್ಚುವುದು, ಅಷ್ಟೆ.

ಒಂದು ದಿನ ಹೊಣಕೆರೆ ಕಡೆಯ ಬಾಣಂತಿಯೊಬ್ಬಳನ್ನು ಅವಳ ತಾಯಿ ಕರೆತಂದರು. ಕಣ್ಣು ಅರಿಶಿನ; ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು.

"ಎರಡ್ ಕಡೆ ರಕ್ತ ಕೊಟ್ಟು ಬಂದೋ ಕಣವ್ವ. ಸರಿಯಾಗ್ ಬಂದಿಲ್ಲ ಅಂತ ಚೆಲ್ಬುಟ್ರು. ಇಲ್ಲೂ ಅಂಗೇ ಅಂದ್ರೆ ಕಾಮಾಲೆಗೆ ಸೊಪ್ಪು ಅರೆದು ಕೊಡೋರ ತಾವ್ಕೆ ಕರ್ಕೊಂಡೋಯ್ತೀನಿ" ಎಂದರು ತಾಯಿ.

ಮೆತ್ತಗೆ ತೆಗೆದು ತಿರುಗಿಸಿದೆ. ಕೆಂಪು. ನನಗೆ ಮೈ ಉರಿಯಿತು. ಕಣಕ್ಕೆ ಪೆಟ್ಟಾಗದಿರಲೆಂದು ತೋಳಿಗೆ ಪಟ್ಟಿ ಕೂಡ ಬಿಗಿಯದೆ ಮತ್ತೊಮ್ಮೆ ತೆಗೆದೆ. ಮತ್ತೆ ಕೆಂಪು.

ಲ್ಯಾಬಿನ ಡಾಕ್ಟರು ಬಗ್ಗಿ ನೋಡಿದರು. "ನಿಮ್ಗೂ ವಯಸ್ಸಾಯ್ತು ಕಣಮ್ಮ, ಕೈ ನಡುಗ್ತದೆ. ಸ್ಯಾಂಪಲ್ ಸರಿಯಿಲ್ಲ ಅಂತ ಬರೆದು ಕಳಿಸ್ಬುಡಿ."

ಬರೆಯಲಿಲ್ಲ. ಅವರೆದುರೇ ಕುರ್ಚಿ ಎಳೆದು ಕೂತೆ. ಎಡತೋಳಿಗೆ ಪಟ್ಟಿ ಸುತ್ತಿ, ಹಲ್ಲಿನಲ್ಲಿ ಕಚ್ಚಿ ಬಿಗಿದು, ನನ್ನ ರಕ್ತ ನಾನೇ ತೆಗೆದೆ. ಆಮೇಲೆ ಅವಳ ಕಡೆ ತಿರುಗಿದೆ. ಪಾಪ, ಕೇಳುವ ಮೊದಲೇ ಕೈ ಚಾಚಿದಳು. ಎರಡು ಟ್ಯೂಬುಗಳನ್ನೂ ಯಂತ್ರದಲ್ಲಿ ಎದುರುಬದುರು ಇಟ್ಟು ತಿರುಗಿಸಿದೆ. ನನ್ನದು ಒಣಹುಲ್ಲು, ಅವಳದು ಕೆಂಪು.

"ಈಗೇಳಿ ಸಾ, ಯಾರ್ ಕೈ ನಡುಗ್ತದೆ? ಕಣ ಒಡೀತಿರೋದು ಟ್ಯೂಬ್ನಲ್ಲಲ್ಲ, ಇವಳ ಮೈಯೊಳಗೆ!"

ಡಾಕ್ಟರು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ, ಮೈಸೂರಿನ ಆಸ್ಪತ್ರೆಗೆ ಫೋನ್ ಮಾಡಿ, ಅವಳನ್ನು ಅವತ್ತೇ ಕಳಿಸಿದರು. ಅವಳ ದೇಹವೇ ಅವಳ ರಕ್ತಕಣಗಳನ್ನು ಒಡೆಯುತ್ತಿದೆ ಎಂದು ಅಲ್ಲಿ ಗೊತ್ತಾಯಿತು. ಇನ್ನೆರಡು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ.

ಎರಡು ಕಡೆ ಚೆಲ್ಲಿದ ಟ್ಯೂಬುಗಳಲ್ಲೂ ಇದೇ ಉತ್ತರವಿತ್ತಲ್ಲ ಎಂದು ಈಗಲೂ ಸಿಟ್ಟು ಬರುತ್ತದೆ. ಹದಿನೆಂಟು ವರ್ಷಗಳಲ್ಲಿ ನಾನೇ ಎಷ್ಟು ಚೆಲ್ಲಿದ್ದೇನೋ ಎಂದು ನೆನೆದರೆ ಆ ಸಿಟ್ಟು ನನ್ನ ಮೇಲೇ ತಿರುಗುತ್ತದೆ.

ಕೆಲವು ತಿಂಗಳ ಮೇಲೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ಒಂದೇ ಸಲ ಚುಚ್ಚಿದೆ. ತಿಳಿ ಒಣಹುಲ್ಲಿನ ಬಣ್ಣ. ಅವಳ ಕೈಗೇ ಟ್ಯೂಬು ಕೊಟ್ಟು ನೋಡಲು ಹೇಳಿದೆ.

ಈಗ ನಮ್ಮ ಲ್ಯಾಬಿನಲ್ಲಿ ನನ್ನನ್ನು ಕೇಳದೆ ಕೆಂಪು ಟ್ಯೂಬನ್ನು ಯಾರೂ ಚೆಲ್ಲುವಂತಿಲ್ಲ. ಡಾಕ್ಟರೂ ಅಷ್ಟೆ.