ಅನುಸೂಯಾಬಾಯಿ ಹೊಲಿದ ಚಂದ್ರ

ಉದಗೀರದ ಬಟ್ಟೆ ಬಜಾರಿನ ಹಿಂದಿನ ಓಣಿಯಲ್ಲಿ ಅನುಸೂಯಾಬಾಯಿ ಕೌದಿ ಹೊಲಿದು ಬದುಕುತ್ತಿದ್ದಳು. ಗಂಡ ರೇವಣಸಿದ್ಧನಿಗೆ ಬಜಾರಿನಲ್ಲಿ ಸಣ್ಣ ಅಂಗಡಿ ಇತ್ತು. ರಜಾಕಾರರ ಗದ್ದಲ ಜೋರಾಗಿದ್ದ ಶ್ರಾವಣದಲ್ಲಿ ಅವನು ಕುದುರೆಯ ಮೇಲೆ ಬಟ್ಟೆಯ ಗಂಟು ಹೇರಿಕೊಂಡು ಭಾಲ್ಕಿ ಸಂತೆಗೆ ಹೋದ. ಹೋದವನು ಬರಲಿಲ್ಲ, ಕುದುರೆಯೂ ಬರಲಿಲ್ಲ. ಮುಂದೆ ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆಯಿತು. ಅಡಗಿಕೊಂಡಿದ್ದವರು ಕೆಲವರು ಮನೆಗೆ ಮರಳಿದರು, ಇನ್ನೆಷ್ಟೋ ಮನೆಗಳಿಗೆ ಆಗ ಹೊಸದಾಗಿ ಬೀಗ ಬಿತ್ತು. ಅತ್ತೆ ಸುಮನಬಾಯಿ ಮಾತ್ರ ಒಂದೇ ಮಾತು ಹಿಡಿದಿದ್ದಳು: "ಅಂವಾ ಎಲ್ಲೋ ಅದಾನ. ನೀ ಕುಂಕುಮ ಅಳಸಬ್ಯಾಡ."

ಸೊಸೆ ಅಳಿಸಲಿಲ್ಲ. ಗಂಡ ಇದ್ದಾನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಸೂಜಿಗೆ ದಾರ ಪೋಣಿಸುವಳು.

ಉದಗೀರ ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ ಶಾಲೆಯ ಚಿತ್ರಕಲೆ ಮಾಸ್ತರ ವಿಶ್ವನಾಥಪ್ಪನವರಿಗೆ ಒಂದು ಹುಚ್ಚು ಹತ್ತಿತು. ಹಾಲು ಕಾಸಿ ಚಂದ್ರನನ್ನು ನೋಡುವ ಕೋಜಾಗಿರಿ ಹುಣ್ಣಿಮೆಗೆ ಕಿಲ್ಲೆಯ ಮುಂದಿನ ಮೈದಾನದಲ್ಲಿ ಊರಿಗೆ ಊರೇ ನೋಡುವಂಥ ಒಂದು ಚಂದ್ರನನ್ನು ನಿಲ್ಲಿಸಬೇಕು. ಬಿದಿರಿನ ಎಲುಬು, ಬಿಳಿ ಬಟ್ಟೆಯ ಮೈ, ಹೊಟ್ಟೆಯೊಳಗೆ ಗ್ಯಾಸಬತ್ತಿಗಳು. ಬುಟ್ಟಿ ಹೆಣೆಯುವವರು ಮನೆಯಷ್ಟು ಎತ್ತರದ ಗೋಲ ಕಟ್ಟಿಕೊಟ್ಟರು. ಬಟ್ಟೆಯನ್ನು ಮಾಸ್ತರರು ಅಂಗಡಿಯಲ್ಲಿ ಕೇಳಲಿಲ್ಲ. ಮನೆಗೊಂದು ಹಳೆಯ ಬಿಳಿ ಬಟ್ಟೆ ಕೊಡಿರೆಂದು ಓಣಿ ಓಣಿ ತಿರುಗಿದರು.

"ಅಕ್ಕಾರ, ಇದನ್ನೆಲ್ಲಾ ಒಂದು ಮಾಡೂದು ನಿಮ್ಮ ಕೈಲೆ ಅಷ್ಟೇ ಆಗ್ತದ ನೋಡ್ರಿ," ಎಂದು ಗಂಟುಗಳನ್ನು ಅನುಸೂಯಾಬಾಯಿಯ ಪಡಸಾಲೆಯಲ್ಲಿ ಇಳಿಸಿದರು.

ಧೋತರ, ಪಂಚೆ, ಸತ್ತ ಹಿರಿಯರ ರುಮಾಲು, ತೊಟ್ಟಿಲಿನ ಬಟ್ಟೆ. ಒಂದೊಂದನ್ನೇ ಬಿಡಿಸಿ ಅಂಚು ಕೂಡಿಸುತ್ತ ಹೋದಳು. ಮೂರನೆಯ ಗಂಟಿನ ತಳದಲ್ಲಿ ಒಂದು ಧೋತರ ಸಿಕ್ಕಿತು. ಅದರ ಮೂಲೆಯಲ್ಲಿ ಕೆಂಪು ದಾರದ ರಫೂ ಇತ್ತು. ಅಂಗಡಿಯ ಮೊಳೆಗೆ ಸಿಕ್ಕು ಹರಿದದ್ದು. ಬಿಳಿ ದಾರ ಮುಗಿದಿತ್ತೆಂದು ಕೆಂಪಿನಲ್ಲೇ ಹಾಕಿ, ಗಂಡನ ಕೈಲಿ ಬೈಸಿಕೊಂಡಿದ್ದಳು. ಭಾಲ್ಕಿಗೆ ಹೋಗುವಾಗ ಅವನು ಉಟ್ಟದ್ದು ಇದನ್ನೇ. ನಡುವೆ ಮಾಸಲು ಕಂದು ಬಣ್ಣದ ಕಲೆ, ಮಣ್ಣಿನದಿರಬೇಕು. ಮೂಸಿ ನೋಡಿದಳು. ಬೇವಿನ ಎಲೆಯ ವಾಸನೆ, ಪೆಟ್ಟಿಗೆಯ ವಾಸನೆ ಬಂತು. ಅವನ ವಾಸನೆ ಇರಲಿಲ್ಲ.

ಒಳಗೆ ಅತ್ತೆ ಕೆಮ್ಮಿದಳು. ಅನುಸೂಯಾಬಾಯಿ ಧೋತರವನ್ನು ತೊಡೆಯ ಕೆಳಗೆ ಸರಿಸಿಕೊಂಡಳು.

ಗಂಟು ಯಾವ ಮನೆಯದೆಂದು ಮಾಸ್ತರರನ್ನು ಕೇಳಿದಳು. ಎಲ್ಲ ಕಲಸಿಹೋಗಿದೆ, ಯಾರದೆಂದು ಹೇಳುವುದು ಎಂದರು. ಎರಡು ದಿನ ಉಳಿದ ಬಟ್ಟೆಗಳನ್ನೆಲ್ಲ ಹೊಲಿದಳು. ಕೊನೆಗೆ ಆ ಧೋತರವನ್ನು ಚಂದ್ರನ ಕೆಳಹೊಟ್ಟೆಗೆ, ಎಲ್ಲರ ಕಣ್ಣು ಬೀಳುವಲ್ಲಿ, ಕೆಂಪು ರಫೂ ಹೊರಗೆ ಮಾಡಿ ಹೊಲಿದಳು. ಕೊಟ್ಟವರು ಯಾರೇ ಇರಲಿ, ನೋಡಲು ಬಂದೇ ಬರುತ್ತಾರೆ; ಅವರ ಮುಖ ನೋಡಿದರೆ ತನಗೆ ತಿಳಿದೀತು ಎಂದುಕೊಂಡಳು.

ಹುಣ್ಣಿಮೆಯ ಸಂಜೆ ಮೈದಾನ ತುಂಬಿತ್ತು. ಹಾಲಿನ ಕಡಾಯಿಗಳು ಉಕ್ಕುತ್ತಿದ್ದವು. ಆಕಾಶದಲ್ಲಿ ಮೋಡ ಕವಿದು ನಿಜವಾದ ಚಂದ್ರ ಇನ್ನೂ ಕಂಡಿರಲಿಲ್ಲ. ಹಗ್ಗ ಎಳೆದು ಗೋಲವನ್ನು ಎತ್ತಿದರು, ಒಳಗೆ ಬತ್ತಿಗಳು ಹತ್ತಿದವು. ಕಿಲ್ಲೆಯ ಕಪ್ಪು ಗೋಡೆಯ ಮುಂದೆ ಹಾಲುಬಣ್ಣದ ಚಂದ್ರ ಉಸಿರಾಡಿದಂತೆ ಅಲುಗಿತು.

ಹಿಂದಿನಿಂದ ಬೆಳಕು ಬಿದ್ದದ್ದೇ ತಡ, ಕೆಳಹೊಟ್ಟೆಯ ಆ ಕಲೆ ಕಪ್ಪಗೆ ಮೂಡಿತು. ಹಗಲಲ್ಲಿ ಕಂಡದ್ದಕ್ಕಿಂತ ದೊಡ್ಡದು, ಅಂಚು ಅಂಚಿಗೆ ಹರಡಿದ್ದು.

"ಅಗ ಬಾಯೀ, ಮೊಲ ನೋಡ್ರಿ! ಚಂದ್ರನಾಗಿನ ಮೊಲಾ!" ಎಂದು ಯಾರೋ ಹೆಂಗಸು ಕೂಗಿದಳು. ಜನ ಕೈ ತೋರಿಸಿ ನಕ್ಕರು. ಮಾಸ್ತರರು ಓಡಿ ಬಂದು, "ಇದೇನ್ರಿ ಅಕ್ಕಾರ, ನಾ ಹೇಳದನ ಮೊಲಾ ಮೂಡಿಸೀರಿ!" ಎಂದು ಹಿಗ್ಗಿದರು. ಅನುಸೂಯಾಬಾಯಿ ನಗಲಿಲ್ಲ. ಆ ಕಲೆ ಮಣ್ಣಿನದಲ್ಲವೆಂದು ಅವಳಿಗೆ ತಿಳಿದುಹೋಗಿತ್ತು.

ನಗದೆ ನಿಂತಿದ್ದ ಇನ್ನೊಬ್ಬಳಿದ್ದಳು. ಹಣ್ಣು ಹಣ್ಣು ಮುದುಕಿ. ಚಂದ್ರನ ಕೆಳಗೆ ನಿಂತು ಮಾಸ್ತರರ ತೋಳು ಹಿಡಿದು ಜಗ್ಗುತ್ತಿದ್ದಳು. "ಯಪ್ಪಾ, ಆ ಅರಿವಿ ನಮ್ಮದಲ್ಲ. ಒಬ್ಬರು ಬಿಟ್ಟುಹೋದ ಸಾಮಾನ ಅದು. ನದಿ ಏರಿದಾಗ ಪೆಟ್ಟಿಗಿ ಇಲ್ಲಿ ಮಗಳ ಮನ್ಯಾಗ ತಂದಿಟ್ಟಿದ್ದೆ; ಆಕಿ ತಿಳೀದ ತೆಗೆದು ಕೊಟ್ಟಾಳ. ಇಳಿಸಿ ಕೊಡು."

ಅನುಸೂಯಾಬಾಯಿ ಹತ್ತಿರ ಹೋದಳು. "ಯಾರದವ್ವಾ ಅದು?"

ಮುದುಕಿಯ ಹೆಸರು ರಂಭಾಬಾಯಿ. ದೇವಣಿಯಾಚೆ ಮಾಂಜ್ರಾ ನದಿಯ ದಂಡೆಗೆ ಅವಳ ಹೊಲ. ಹುಣ್ಣಿಮೆಗೆಂದು ಉದಗೀರದ ಮಗಳ ಮನೆಗೆ ಬಂದಿದ್ದಳು.

"ಹೆಸರು ತಿಳೀಲಿಲ್ಲ ತಂಗಿ," ಎಂದಳು. "ಗದ್ದಲದ ವರ್ಷ ನದಿ ದಂಡ್ಯಾಗ ಬಿದ್ದಿದ್ದ. ಹೊಟ್ಟೀಗಿ ಪೆಟ್ಟು ಬಿದ್ದಿತ್ತು. ನಮ್ಮ ಕೊಟ್ಟಿಗ್ಯಾಗ ತಂದು ಮಲಗಿಸಿದ್ವಿ. ಯಾವೂರಪ್ಪಾ ಅಂದ್ರ ಬಾಯಿ ಬರ್ಲಿಲ್ಲ."

"ಏನೂ ಅನ್ನಲಿಲ್ಲೇನು?"

"ಜ್ವರದಾಗ ಒಂದ ಮಾತು. ಕುದುರೀಗಿ ನೀರ ಕುಡಸ್ರಿ, ಕುದುರೀಗಿ ನೀರ ಕುಡಸ್ರಿ ಅಂತಿದ್ದ. ಅಲ್ಲಿ ಕುದುರಿನ ಇರ್ಲಿಲ್ಲವ್ವಾ. ಅಂವನ ಸಮಾಧಾನಕ್ಕ ನಮ್ಮವರು ಹೊರಗ ಹೋಗಿ ಕೊಡ ಸಪ್ಪಳ ಮಾಡಿ ಬರ್ತಿದ್ರು. ಕೊರಳಾಗ ಲಿಂಗ ಇತ್ತು. ಅಯ್ಯನವರನ್ನ ಕರಸಿ ಹೊಲದಾಗ ಮಣ್ಣು ಮಾಡಿದ್ವಿ. ಯಾರರ ಹುಡಕ್ಕೋತ ಬಂದ್ರ ತೋರಸಾಕ ಬೇಕಂತ ಧೋತರ ಒಗೆದು ಇಟ್ಟಿದ್ದೆ. ಯಾರೂ ಬರ್ಲಿಲ್ಲ."

"ನಾ ಭಾಲ್ಕಿ ಕಡೆ ಹುಡಕಿದೆ," ಎಂದಳು ಅನುಸೂಯಾಬಾಯಿ. ಮುದುಕಿ ಅವಳ ಹಣೆಯ ಕುಂಕುಮ ನೋಡಿದಳು, ಕೈ ಹಿಡಿದಳು. ಅವರ ಸುತ್ತ ಜನ ಹಾಲು ಕುಡಿಯುತ್ತ ಇನ್ನೂ ಮೊಲವನ್ನೇ ತೋರಿಸುತ್ತಿದ್ದರು.

ಚಂದ್ರನನ್ನು ಇಳಿಸಿದ ಮೇಲೆ ಅನುಸೂಯಾಬಾಯಿ ತಾನೇ ಹೊಲಿಗೆ ಬಿಚ್ಚಿ ಧೋತರ ತೆಗೆದುಕೊಂಡು, ರಂಭಾಬಾಯಿಯ ಬಂಡಿಯಲ್ಲಿ ಆ ಹೊಲಕ್ಕೆ ಹೋದಳು. ಜೋಳದ ನಡುವೆ ಒಂದಿಷ್ಟು ಜಾಗವನ್ನು ಉಳದೆ ಬಿಟ್ಟಿದ್ದರು. ಅಲ್ಲಿ ಕೂತಳು. ಅಳು ಬರಲಿಲ್ಲ. ನದಿಯ ಕಡೆಯಿಂದ ಕುದುರೆ ಕೆನೆದಂತಾಗಿ ಎದ್ದು ನಿಂತಳು. ಯಾವ ಕುದುರೆಯೂ ಇರಲಿಲ್ಲ. ಊರಿಗೆ ಬಂದ ಮೇಲೂ ಆ ಕೆನೆತ ಆಗಾಗ ಕೇಳಿಸುತ್ತಿತ್ತು.

ಮನೆಗೆ ಬಂದು ಧೋತರವನ್ನು ಅತ್ತೆಯ ಮಡಿಲಲ್ಲಿಟ್ಟಳು. ಸುಮನಬಾಯಿ ಕೆಂಪು ರಫೂವಿನ ಮೇಲೆ ಬೆರಳಾಡಿಸಿದಳು, ಬಹಳ ಹೊತ್ತು ಆಡಿಸಿದಳು. ಆಮೇಲೆ ಮಡಚಿ ಹಿಂದಕ್ಕೆ ಕೊಟ್ಟಳು.

"ಇದು ನನ್ನ ಮಗಂದಲ್ಲ. ನೀ ಬಳಿ ಒಡದರ ನಾ ಆ ಹೊತ್ತೇ ಸಾಯ್ತೀನಿ."

"ಆಯ್ತತ್ತಿ," ಎಂದಳು ಸೊಸೆ.

ಅಂದಿನಿಂದ ಆ ಮನೆಯಲ್ಲಿ ರೇವಣಸಿದ್ಧ ಒಬ್ಬಳ ಪಾಲಿಗೆ ಸತ್ತಿದ್ದ, ಇನ್ನೊಬ್ಬಳ ಪಾಲಿಗೆ ದಾರಿಯಲ್ಲಿದ್ದ. ಬೆಳಗ್ಗೆ ಎದ್ದು ಅನುಸೂಯಾಬಾಯಿ ಅತ್ತೆಯ ಕಣ್ಣೆದುರಿಗೆ ಕುಂಕುಮ ಇಡುತ್ತಲೇ ಇದ್ದಳು. ಮರುವರ್ಷವೂ ಮಾಸ್ತರರಿಗೆ ಚಂದ್ರನನ್ನು ಹೊಲಿದುಕೊಟ್ಟಳು, ನೋಡಲು ಹೋಗಲಿಲ್ಲ.

ಮಹಾರಾಷ್ಟ್ರ ರಾಜ್ಯ ಆದ ಬೇಸಿಗೆಯಲ್ಲಿ, ಬಜಾರಿಗೆ ಕಟ್ಟಿದ ತೋರಣ ಇನ್ನೂ ಒಣಗಿರಲಿಲ್ಲ, ಸುಮನಬಾಯಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಅನುಸೂಯಾಬಾಯಿ ಪಡಸಾಲೆಯಲ್ಲಿ ಒಬ್ಬಳೇ ಕೂತು ಬಳೆಗಳನ್ನು ಒಡೆಯದೆ ಒಂದೊಂದಾಗಿ ಕಳಚಿಟ್ಟಳು. ಓಣಿಯ ಹೆಂಗಸರು ಅವಳ ಬರಿಗೈ ನೋಡಿ, ಅತ್ತೆಯ ಮೇಲೆ ಎಷ್ಟು ಜೀವವಿತ್ತು ನೋಡಿ ಎಂದು ಮಾತಾಡಿಕೊಂಡರು. ಅವಳು ಅದನ್ನು ತಿದ್ದಲು ಹೋಗಲಿಲ್ಲ.