ಭರತಿಯ ದಿನ ನಾನು ಹೆದರಲಿಲ್ಲ

ನಮ್ಮೂರಿನಲ್ಲಿ ನನಗೊಂದು ಹುದ್ದೆ ಇತ್ತು. ಸಂಬಳವಿಲ್ಲ, ರಜೆಯಿಲ್ಲ, ನೇಮಕಾತಿಯ ಆದೇಶವೂ ಇಲ್ಲ. ಊರವರೆಲ್ಲರ ಪರವಾಗಿ ಹೆದರುವುದು ನನ್ನ ಕೆಲಸ. ಕಾರವಾರದ ಕಚೇರಿಯಲ್ಲಿ ನಾನು ಮಾಡುತ್ತಿದ್ದ ಗುಮಾಸ್ತಿಕೆಗಿಂತ ಇದರಲ್ಲೇ ನನಗೆ ಹೆಚ್ಚು ಹೆಸರಿತ್ತು.

ಬೆಳಂಬಾರದ ಆಚೆ ಹಿನ್ನೀರಿನ ಪಕ್ಕ ನಮ್ಮ ಗಜನಿ. ಅಂದರೆ ಉಪ್ಪುನೀರು ಬಂದುಹೋಗುವ ತಗ್ಗು ಗದ್ದೆ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಒಡ್ಡು, ಒಡ್ಡಿನ ಬಾಯಿಗೆ ಮರದ ಹಲಗೆಗಳು. ಇಳಿತದ ಹೊತ್ತಿಗೆ ಹಲಗೆ ಎತ್ತಿ ಮಳೆನೀರನ್ನು ಹೊರಗೆ ಬಿಡಬೇಕು, ಉಬ್ಬರದ ಭರತಿ ಏರುವ ಮೊದಲು ಇಳಿಸಿ ಸಮುದ್ರವನ್ನು ಹೊರಗೇ ನಿಲ್ಲಿಸಬೇಕು. ಕಗ್ಗ ಸ್ವಲ್ಪ ಉಪ್ಪನ್ನು ತಾಳಿಕೊಳ್ಳುತ್ತದೆ, ಆದರೆ ತೆನೆಯಲ್ಲಿ ಹಾಲು ತುಂಬುವಾಗ ಅದಕ್ಕೂ ಆಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಂತೂ ಮರೆಯುವ ಹಾಗೇ ಇಲ್ಲ. ಈ ಕೆಲಸ ಗಜನಿಯ ಎಲ್ಲ ಮನೆಗಳಿಗೂ ಸೇರಿದ್ದು. ಎಲ್ಲರಿಗೂ ಸೇರಿದ ಕೆಲಸ ಕೊನೆಗೆ ಯಾರ ತಲೆಗೆ ಬಂತು ಎಂದು ಬಿಡಿಸಿ ಹೇಳಬೇಕಿಲ್ಲ.

ನಾನು ಕಚೇರಿಯಿಂದ ಊರಿನ ಅಂಗಡಿಗೆ ಫೋನ್ ಮಾಡಿ "ಹಲ್ಗೆ ಇಳ್ಸಿರಾ?" ಎಂದು ಕೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತಿದ್ದೆ. ಅಂಗಡಿಯವನು ಫೋನ್ ಇಟ್ಟು, ಜಗಲಿಯಲ್ಲಿ ಕೂತವರಿಗೆ, "ಕಾರವಾರದಲ್ಲಿ ಭರತಿ ಬಂತು ನೋಡಿ" ಎನ್ನುತ್ತಿದ್ದನಂತೆ. ಎಲ್ಲರೂ ನಗುತ್ತಿದ್ದರು. ನಕ್ಕವರಲ್ಲೇ ಒಬ್ಬ ಎದ್ದುಹೋಗಿ ಹಲಗೆ ಇಳಿಸಿ ಬರುತ್ತಿದ್ದ. ನನ್ನ ಎದೆ ಹೊಡೆದುಕೊಂಡರೆ ಅವರ ಗದ್ದೆ ಉಳಿಯುತ್ತಿತ್ತು. ಅಗ್ಗದ ವ್ಯವಸ್ಥೆ.

ಆದರೆ ಎದೆ ಕ್ರಮೇಣ ಪಂಚಾಂಗ ನೋಡುವುದನ್ನು ಬಿಟ್ಟಿತು. ಯಾವ ತಿಥಿಯೂ ಇಲ್ಲದ ದಿನಗಳಲ್ಲೂ ಬಡಿಯತೊಡಗಿತು. ಒಂದು ಬೆಳಿಗ್ಗೆ ಅಂಕೋಲೆಯಿಂದ ಹೊರಟ ಬಸ್ಸು ಬಿಣಗಾ ಘಟ್ಟ ಏರುವಾಗ, ಇನ್ನೇನು ಸತ್ತೇಹೋದೆ ಅನ್ನಿಸಿ, ಬಸ್ಸು ನಿಲ್ಲಿಸಿ ಇಳಿದೆ. ಕಂಡಕ್ಟರ್ "ವಾಂತಿಯಾ?" ಎಂದು ಕೇಳಿದ. ಹೌದೆಂದೆ. ವಾಂತಿಗೆ ಬಸ್ಸು ನಿಲ್ಲುತ್ತದೆ, ಹೆದರಿಕೆಗೆ ನಿಲ್ಲುತ್ತದೆಯೇ?

ಆಮೇಲೆ ಊರವರೆಲ್ಲ ವೈದ್ಯರಾದರು. ಅಮ್ಮ ಗ್ಯಾಸು ಎಂದಳು. ಅಂಗಡಿಯವನು ಪಿತ್ತ ಎಂದು ಬಿರಿಂಡಾ ಹಣ್ಣಿನ ಪಾನಕ ಕುಡಿಸಿದ. ಕಚೇರಿಯ ಸಾಹೇಬರು, ದಿನಕ್ಕೆ ಹತ್ತು ಸಲ ನನ್ನ ಮೇಲೆ ಕೂಗುವವರು, ಮನಸ್ಸನ್ನು ಪ್ರಶಾಂತವಾಗಿಟ್ಟುಕೊಳ್ಳಬೇಕೆಂದು ಉಪದೇಶ ಮಾಡಿದರು. ಹೆಂಡತಿ ಮಾತ್ರ ನನ್ನನ್ನು ಕಾರವಾರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ರಾತ್ರಿಯೆಲ್ಲ ನಾನು ಹೊರಳಾಡುವಾಗ ನಿದ್ದೆಗೆಡುತ್ತಿದ್ದವಳು ಅವಳೇ ತಾನೆ.

ಡಾಕ್ಟರರು ಕುಂಕುಮದ ಬೊಟ್ಟಿನಷ್ಟು ಗುಳಿಗೆ ಕೊಟ್ಟರು. "ಹೆದರಿಕೆ ಇಳಿಯುತ್ತದೆ. ಕೆಲವರಿಗೆ ಜೊತೆಗೆ ಉತ್ಸಾಹವೂ ಇಳಿಯುತ್ತದೆ. ಹಾಗಾದರೆ ಬಂದು ಹೇಳಿ, ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ" ಎಂದರು. ಒಳ್ಳೆಯ ಮಾತು. ತೊಂದರೆ ಏನೆಂದರೆ, ಉತ್ಸಾಹ ಇಳಿದ ಮೇಲೆ ಹೋಗಿ ಹೇಳಬೇಕೆಂಬ ಉತ್ಸಾಹ ಎಲ್ಲಿಂದ ತರುವುದು?

ಮೊದಲಿಗೆ ಸ್ವರ್ಗ. ಮಲಗಿದರೆ ನಿದ್ದೆ. ಬಿಣಗಾ ಘಟ್ಟ ಯಾವಾಗ ದಾಟಿತೆಂದೇ ತಿಳಿಯುತ್ತಿರಲಿಲ್ಲ. ಸಾಹೇಬರು ಕೂಗುವಾಗ ನಾನು ಅವರ ಕಿವಿಯ ಕೂದಲನ್ನು ನೋಡುತ್ತ ನಿಂತಿರುತ್ತಿದ್ದೆ. ಕೂಗಿ ಕೂಗಿ ಅವರಿಗೇ ಬೇಸರ ಬಂದು, "ಈಗ ನೀವು ಪ್ರಬುದ್ಧರಾದಿರಿ" ಎಂದರು. ಮೇಜಿನ ಮೇಲೆ ಕಡತಗಳೂ ಪ್ರಬುದ್ಧವಾಗಿ ಬೆಳೆಯುತ್ತಿದ್ದವು. ಅವುಗಳಿಗೆ ಅವಸರವಿರಲಿಲ್ಲ, ನನಗೂ ಇರಲಿಲ್ಲ. ಸರಕಾರಿ ನೌಕರನೊಬ್ಬ ಬಯಸಬಹುದಾದ ಪರಮಪದ ಅದು. ಆದರೆ ಅದನ್ನೂ ನಾನು ಬಯಸಿರಲಿಲ್ಲ.

ಮನೆಯಲ್ಲಿ ಹೆಂಡತಿ ಮೊದಲು ಸಂತೋಷಪಟ್ಟಳು, ಆಮೇಲೆ ನನ್ನನ್ನು ಓರೆಗಣ್ಣಿನಿಂದ ನೋಡತೊಡಗಿದಳು. ಬಂಗಡೆಯೋ ತಾರ್ಲೆಯೋ ಎಂದು ಕೇಳಿದರೆ ಯಾವುದಾದರೂ ಆದೀತು ಎನ್ನುತ್ತಿದ್ದೆ. ಅಂಕೋಲೆ ಕಡೆಯ ಗಂಡಸು ಮೀನಿನ ವಿಷಯದಲ್ಲಿ ಹೀಗೆ ಹೇಳಿದರೆ ಮನೆಯವರು ಹೆದರುವುದು ಸಹಜ. ಒಂದು ದಿನ ಅನ್ನ ಹುಳ್ಗದ ಊಟ ಮುಗಿಸಿ ಕೈ ತೊಳೆಯುವಾಗ ಅವಳು ಕೇಳಿದಳು: "ಇವತ್ತು ಹುಳ್ಗಕ್ಕೆ ಉಪ್ಪೇ ಹಾಕ್ಲಿಲ್ಲ ನಾನು. ನಿಮ್ಗೆ ಗೊತ್ತಾಯ್ತಾ?"

ಗೊತ್ತಾಗಿತ್ತು. ಹೇಳಬೇಕು ಅನ್ನಿಸಿರಲಿಲ್ಲ. ಹಾಗೆಂದೆ. ನಾನು ಜಗಳಕ್ಕಾದರೂ ಬರುತ್ತೇನೆಂದು ಅವಳು ಕಾದಿದ್ದಳು, ಪಾಪ.

ಆಮೇಲೆ ಮಹಾಲಯ ಅಮಾವಾಸ್ಯೆ ಬಂತು. ಅವತ್ತು ಕಚೇರಿಗೆ ರಜೆ. ಎಲ್ಲರ ಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ಗಡಿಬಿಡಿ. ಮಧ್ಯಾಹ್ನ ಕಾಗೆ ಬಂದು ಮುಟ್ಟುವವರೆಗೆ ಯಾರೂ ಅಂಗಳ ಬಿಟ್ಟು ಹೋಗುವುದಿಲ್ಲ. ಭರತಿ ಏರುವುದೂ ಅದೇ ಮಧ್ಯಾಹ್ನ. ಬೆಳಿಗ್ಗೆ ಯಾರೋ ಹಲಗೆ ಎತ್ತಿದ್ದರು. ಎತ್ತಿದವರು ನನ್ನನ್ನು ನಂಬಿದ್ದರು. ಎಲ್ಲ ಮನೆಗಳವರೂ, ಅವನಿದ್ದಾನಲ್ಲ, ಹೊತ್ತಿಗೆ ಸರಿಯಾಗಿ ಬೊಬ್ಬೆ ಹೊಡೆಯುತ್ತಾನೆ ಎಂದುಕೊಂಡು ಪಾಯಸ ಬೇಯಿಸಿದರು.

ನಾನು ಜಗಲಿಯ ಮೇಲೆ ಒರಗಿದ್ದೆ. ಹಲಗೆ ಎತ್ತಿದೆ ಎಂಬುದು ಗೊತ್ತಿತ್ತು. ತೆನೆ ಹಾಲುಗಟ್ಟುತ್ತಿದೆ ಎಂಬುದೂ ಗೊತ್ತಿತ್ತು. ಎದ್ದು ಒಡ್ಡಿಗೆ ಹೋದರೆ ಆಯಿತು ಎಂದೂ ಗೊತ್ತಿತ್ತು. ಆದರೆ ತಿಳಿವಳಿಕೆಗೂ ಕಾಲಿಗೂ ನಡುವೆ ಇರಬೇಕಾದ ಏನೋ ಒಂದು ಇರಲಿಲ್ಲ. ಹೋದರಾಯಿತು ಅಂದುಕೊಳ್ಳುತ್ತ ಕಣ್ಣು ಮುಚ್ಚಿದೆ. ಏಳುವ ಹೊತ್ತಿಗೆ ಗಜನಿಯ ತುಂಬ ನಿಂತ ಉಪ್ಪುನೀರಿನಲ್ಲಿ ಆಕಾಶ ಕಾಣುತ್ತಿತ್ತು. ಬಹಳ ಚೆನ್ನಾಗಿ ಕಂಡಿತು ಎಂದು ಈಗಲೂ ನೆನಪಿದೆ.

ಸಂಜೆ ಎಲ್ಲರೂ ನಮ್ಮ ಅಂಗಳಕ್ಕೆ ಬಂದರು. ಬೈಯಲು ಬಂದವರಿಗೆ ಹೇಗೆ ಬೈಯುವುದೆಂದು ತೋಚಲಿಲ್ಲ. ಹಲಗೆ ಎಲ್ಲರದ್ದೂ ಅಲ್ಲವೇ? ಕೊನೆಗೆ ಪಕ್ಕದ ಮನೆಯ ದೊಡ್ಡಮ್ಮ, ಗಜನಿ ಬಿಟ್ಟರೆ ಬೇರೆ ತುಂಡು ನೆಲವಿಲ್ಲದ ಮುದುಕಿ, ಮೆಲ್ಲಗೆ ಹೇಳಿದಳು: "ತಮಾ, ಆ ಗುಳ್ಗೆ ಬಿಟ್ಬಿಡು. ನೀ ಹೆದ್ರೂದು ಬಿಟ್ರೆ ನಾವು ಯಂತ ಮಾಡೂದು?"

ಎಲ್ಲರೂ ತಲೆಯಾಡಿಸಿದರು. ಇಷ್ಟು ಮಂದಿಯ ಹೊಟ್ಟೆಪಾಡಿಗಾಗಿ ಒಬ್ಬ ನಿದ್ದೆಗೆಡುವುದು ಅವರಿಗೆ ಅತಿಯೆನಿಸಲಿಲ್ಲ. ಆಗ ನನ್ನ ಹೆಂಡತಿ ಒಳಗಿನಿಂದ ಬಂದಳು.

"ಇವ್ರು ಘಟ್ಟದಲ್ಲಿ ಬಸ್ಸಿಳ್ದು ಕೂತಾಗ ನೀವ್ ಯಾರೂ ಬರ್ಲಿಲ್ಲ. ಇವ್ರಿಗೆ ನಿದ್ದೆ ಮಾಡೂಕೆ ಬೇಕು. ಹಲ್ಗೆ ಇಳ್ಸೂಕೆ ನಿಮ್ಗೆ ಕೈ ಇಲ್ವಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಗೆ ಯಂತ ಬೇಕು, ನೀವೇ ಹೇಳಿ."

ನಾನು ಹುಡುಕಿದೆ. ನಿಜವಾಗಿ ಹುಡುಕಿದೆ. ಗುಳಿಗೆ ಬೇಕು ಅನ್ನಿಸಲಿಲ್ಲ, ಬೇಡ ಅನ್ನಿಸಲಿಲ್ಲ. ಗದ್ದೆ ಉಳಿಯಬೇಕಿತ್ತು ಅಂತಲೂ ಅನ್ನಿಸಲಿಲ್ಲ. ಅವಳು ಕಾಯುತ್ತ ನಿಂತಿದ್ದಳು. "ನೀವೆಲ್ಲ ಹೇಗೆ ಹೇಳ್ತೀರೋ ಹಾಗೆ" ಎಂದೆ. ಅವಳ ಮುಖ ಸಣ್ಣದಾಯಿತು. ಅಷ್ಟು ಜನ ಮಾಡದ ಅವಮಾನವನ್ನು ಅವಳಿಗೆ ನಾನು ಒಂದು ಮಾತಿನಲ್ಲಿ ಮಾಡಿದೆ.

ಮರುದಿನ ಅವಳೇ ಡಾಕ್ಟರರ ಮುಂದೆ ಕೂತು ಎಲ್ಲ ಹೇಳಿದಳು. "ಹೆದರಿಕೆ ಹೋಗಲಿ ಸಾರ್, ಮನುಷ್ಯ ಹೋಗಬಾರದು" ಎಂದಳು. ಅವರು ನಗಲಿಲ್ಲ. ಮೊದಲೇ ಬರಬೇಕಿತ್ತು ಎಂದು ನನ್ನನ್ನು ಗದರಿಸಿ, ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸದೆ ಮೆಲ್ಲಮೆಲ್ಲಗೆ ಇಳಿಸುತ್ತ, ಬಾಕಿಯದನ್ನು ವಾರವಾರ ಬಂದು ಮಾತಾಡಿ ಸರಿಮಾಡೋಣ ಎಂದರು. ಊರವರೂ ಹಲಗೆ ನೋಡಿಕೊಳ್ಳಲು ಪಾಳಿ ಹಾಕಿಕೊಂಡರು. ಹೆದರುವುದಕ್ಕೆ ಸರದಿ ಬಂದದ್ದರಿಂದ ಅಂಗಡಿಯವನಿಗೆ ನಗು ಕಡಿಮೆಯಾಯಿತು.

ಗದ್ದೆ ಕೊಯ್ಲಿಗೆ ಬಂತು. ಕೊಯ್ದು ಬಡಿದೆವು. ಹೆಂಡತಿ ಕಣದಲ್ಲಿ ನಿಂತು ಗೆರಸಿಯಿಂದ ತೂರುತ್ತಿದ್ದಳು. ಹೆಚ್ಚಿನದೆಲ್ಲ ಜೊಳ್ಳು, ಕಾಳು ಬೀಳುವ ಸದ್ದೇ ಇಲ್ಲ, ಹೊಟ್ಟು ಗಾಳಿಯ ಜೊತೆ ಹೊಳೆಯ ಕಡೆ ಹೋಗುತ್ತಿತ್ತು. ದೊಡ್ಡಮ್ಮ ಪಕ್ಕದ ಕಣದಲ್ಲಿ ಜೊಳ್ಳಿನೊಳಗೆ ಕೈ ಹಾಕಿ ಕಾಳು ಹೆಕ್ಕುತ್ತಿದ್ದಳು. ನಾನು ಅವಳ ಬೆರಳುಗಳನ್ನು ನೋಡುತ್ತ ನಿಂತಿದ್ದೆ. ಮಹಾಲಯದ ಮಧ್ಯಾಹ್ನ ಬರಬೇಕಾಗಿದ್ದ ಸಂಕಟ ಆಗ ಬಂತು. ಕೈಯಲ್ಲಿದ್ದ ಹುಲ್ಲಿನ ಸೂಡಿಯನ್ನು ಕೆಳಗಿಟ್ಟು, ಎಲ್ಲರ ಎದುರಿಗೆ, ಗಂಡಸು ಎಂಬ ನಾಚಿಕೆಯಿಲ್ಲದೆ ಅತ್ತೆ.

ಹೆಂಡತಿ ಗೆರಸಿ ನಿಲ್ಲಿಸಿದಳು. ತಲೆಯ ತುಂಬ ಹೊಟ್ಟು ಕೂತಿತ್ತು. ಹತ್ತಿರ ಬಂದು, ಎಷ್ಟೋ ದಿನ ಪರವೂರಿಗೆ ಹೋದವನು ಬಾಗಿಲಿಗೆ ಬಂದಾಗ ಕೇಳುವ ಹಾಗೆ ಕೇಳಿದಳು:

"ಬಂದ್ರಾ?"

"ಹ್ಞೂಂ" ಎಂದೆ. "ಬಂದೆ."